ಉರುಫ್

ಹೊಳೆನರಸೀಪುರದ ತಾಲ್ಲೂಕು ಕಚೇರಿ ಎದುರು
ಹೊಂಗೆಮರದಡಿ ಟೈಪ್ ಮಾಡುವ ಹುಡುಗ ಕೇಳಿದ:
'ಅಜ್ಜಿ, ಎರಡರಲ್ಲಿ ನಿಜವಾದ್ದು ಯಾವುದು?'

ಎರಡೂ ನಿಜ ಕಣಪ್ಪ, ಒತ್ತು.

ನನಗಿಂತ ಮುಂಚೆ ಮೂವರು.
ಒಂದು ಹನ್ನೊಂದು ದಿನ, ಒಂದು ಹಲ್ಲು ಮೂಡುವ ತನಕ,
ಒಂದಕ್ಕೆ ಹೆಸರಿಡುವಷ್ಟೂ ವ್ಯವಧಾನವಿರಲಿಲ್ಲ.
ನಾಲ್ಕನೆಯದು ನಾನು.
ಅವ್ವ ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟಳಂತೆ,
ಪಕ್ಕದ ಮನೆ ಚೆನ್ನಾಜಮ್ಮ ಎತ್ತಿಕೊಂಡಳಂತೆ,
ಮೂರು ಪಾವು ತೌಡು ಕೊಟ್ಟು ಅವ್ವ ಕೊಂಡುಕೊಂಡಳಂತೆ.
ಅದೂ ಸಾಲದೆಂದು ಒಯ್ಯುವವನ ಹೆಸರನ್ನೇ ಇಟ್ಟಳು:
ಜವರಮ್ಮ.
'ತನ್ನ ಹೆಸರ ತಾನೇ ಕೂಗಿಕೊಂಡು
ಯಾವನಾದರೂ ಬಾಗಿಲಿಗೆ ಬರ್ತಾನಾ?'

ಆರನೇ ಕ್ಲಾಸಿನಲ್ಲಿ ತತ್ಸಮ, ತದ್ಭವ.
ಯಾಮ ಜಾವ, ಯೋಗಿ ಜೋಗಿ, ಯುಗ ಜುಗ,
ಯಕಾರ ಜಕಾರವಾಗುತ್ತದೆ ಎನ್ನುತ್ತ ಮೇಷ್ಟ್ರು
ಯಮ ಎಂದು ಬರೆದು, ಮುಂದೆ ಜವ ಎಂದು ಬರೆದು,
ಸೀಮೆಸುಣ್ಣ ನಿಲ್ಲಿಸಿದರು.
ನಲವತ್ತು ತಲೆ ನನ್ನ ಕಡೆ ತಿರುಗಿದವು.
ಮಾರನೆಯ ದಿನ ಹಾಜರಿ ಪುಸ್ತಕದಲ್ಲಿ
ವ, ರ ಎರಡನ್ನೂ ಹೊಡೆದು ಒಂದು ಯ ಕೂರಿಸಿದ್ದರು.
ಜಯಮ್ಮ.
ಹೋದ ಯಕಾರ ವಾಪಸು ಬಂದಿತ್ತು, ಜಾಗ ತಪ್ಪಿ.
ಅವ್ವನಿಗೆ ಹೇಳಲಿಲ್ಲ.

ಹಾಸನದ ದೊಡ್ಡಾಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಆಯಾ.
ಜಯಮ್ಮ ಅಂತಲೇ ಕೂಗಿ ಎಂದು ನರ್ಸುಗಳಿಗೆಲ್ಲ ಹೇಳಿಟ್ಟಿದ್ದೆ.
ಒಂದು ರಾತ್ರಿ ಏಳನೇ ಮಂಚದ ದುದ್ದದ ಮುದುಕಿ
ಕೈ ಹಿಡಿದು 'ಹೆಸರೇನವ್ವ?' ಅಂದಳು.
ಬಾಯಿ ತಪ್ಪಿ ಮೊದಲನೆಯದು ಬಂತು.
ಅಡಿಯಿಂದ ಮುಡಿಯವರೆಗೆ ನೋಡಿ
'ಬಂದ್ಯಾ' ಅಂತ ನಕ್ಕಳು.
'ಹಿಂಗಿರ್ತೀಯ ಅಂತ ಗೊತ್ತಿದ್ದರೆ
ಇಷ್ಟು ದಿನ ಯಾಕೆ ಹೆದರ್ತಿದ್ದೆ? ಒಂದು ಗುಟುಕು ನೀರು ಕೊಡು.'
ಕೊಟ್ಟೆ.
ಬೆಳಗಿನ ಜಾವಕ್ಕೆ ಹೋದಳು.

ಈಗ ಪಿಂಚಣಿ ಒಂದು ಹೆಸರಲ್ಲಿ, ಆಧಾರ್ ಇನ್ನೊಂದರಲ್ಲಿ.
ಹುಡುಗ ನಡುವೆ ಉರುಫ್ ಎಂದು ಒತ್ತಿದ.
ಹಂಗಂದ್ರೇನು ಅಂದೆ.
'ಗೊತ್ತಿಲ್ಲ ಅಜ್ಜಿ, ಎಲ್ಲರಿಗೂ ಹಾಕ್ತೀವಿ.'
ಕಾಗದ ಎಳೆದು ಓದಿದ:
'ಸದರಿ ಇಬ್ಬರೂ ಒಬ್ಬರೇ ಆಗಿರುತ್ತಾರೆ.'

ಅವ್ವ,
ಅಷ್ಟು ತೌಡು ಕೊಟ್ಟು ಬಚ್ಚಿಟ್ಟಿದ್ದೆಯಲ್ಲ,
ಇಪ್ಪತ್ತು ರೂಪಾಯಿ ಛಾಪಾ ಕಾಗದದ ಮೇಲೆ
ಮನೆ ನಂಬರು ಸಮೇತ
ನಾನೇ ಬರೆದುಕೊಟ್ಟು ಬಂದೆ.