ಬಿಚ್ಚುವ ಕೆಲಸ

ಏಪ್ರಿಲ್ ಬಂತೆಂದರೆ ಬಿಷ್ಕೆಕ್ ತುಂಬ ಸುಣ್ಣದ ವಾಸನೆ.
ನಿಜಕ್ಕೂ ಫೆಬ್ರವರಿಯಲ್ಲೇ ಬಳಿಯಬೇಕು,
ಹಗಲ ಬಿಸಿಲಿಗೆ ಉಬ್ಬಿ ಇರುಳ ಹಿಮಕ್ಕೆ ಬಿರಿಯುತ್ತದಲ್ಲ ತೊಗಟೆ, ಆಗ.
ಆದರೆ ಆಗ ಸುಣ್ಣಕ್ಕೆ ದುಡ್ಡು ಬಂದಿರುವುದಿಲ್ಲ.
ಬಂದಾಗ ಕಲೆಸುತ್ತೇವೆ: ಸುಣ್ಣ, ಹಿಡಿ ಜೇಡಿಮಣ್ಣು, ಚಿಟಿಕೆ ಮೈಲುತುತ್ತ,
ಗಟ್ಟಿ ಮಜ್ಜಿಗೆಯ ಹದ.
ಎಲ್ಮ್ ಮರಗಳ ಸೊಂಟದವರೆಗೆ ಬಳಿದು ಮುಗಿಸುವಷ್ಟರಲ್ಲಿ
ನಮ್ಮ ರೆಪ್ಪೆಗೂ ಮುಪ್ಪು.

ನನ್ನ ಹೆಸರು ಜಿಪಾರ್. ನಮ್ಮ ಮಾತಲ್ಲಿ ಪರಿಮಳ ಎಂದರ್ಥ.
ಡೀಸೆಲ್ಲು, ಕೊಳೆತ ಎಲೆ ನಾರುವ ಹೆಂಗಸಿಗೆ
ಅಪ್ಪ ಮುಂಚೆಯೇ ಮಾಡಿಟ್ಟ ತಮಾಷೆ.

ಮಾರ್ಚಿನಲ್ಲಿ ಅರಿಕ್ ಬಾಚಿದೆವು,
ರಸ್ತೆಯ ಮಗ್ಗುಲಲ್ಲಿ ಹರಿಯುವ ಕಾಲುವೆಗೆ ಇಲ್ಲಿ ಆ ಹೆಸರು,
ಬೆಟ್ಟದ ಹಿಮ ಕರಗಿ ಮರಗಳ ಬುಡ ಮುಟ್ಟುವ ದಾರಿ.
ಸಿಕ್ಕಿದ್ದು: ಒಂಟಿ ಕೈಗವಸು, ಲೆಕ್ಕವಿಲ್ಲದಷ್ಟು ಬಾಟಲಿ,
ಮೇಲ್ದವಡೆಯ ಹಲ್ಲಿನ ಸೆಟ್ಟೊಂದು.
ತುರ್ಸುನೈ ಅದನ್ನು ತೊಳೆದು ಬೇಲಿಯ ಮೇಲಿಟ್ಟಳು.
ಹದಿನೈದು ದಿನ ನಕ್ಕಿತು. ಆಮೇಲೆ ಯಾರೋ ಒಯ್ದರು.

ಕೆಲಸ ಕಲಿಸಿದವಳು ಝೋಯಾ ಟಿಮೊಫೆಯೆವ್ನಾ.
ತೋರುಬೆರಳು ಮಣ್ಣಿಗಿಳಿಸಿ ನೀರು ಸಾಕೋ ಬೇಕೋ ಹೇಳುತ್ತಿದ್ದಳು.
"ಗುಂಡಿ ಅಗಲವಿರಲಿ, ಆಳ ಬೇಡ, ಗೋರಿ ತೋಡುತ್ತಿಲ್ಲ ನಾವು.
ಗೂಟಕ್ಕೆ ಕಟ್ಟುವಾಗ ಎರಡು ಬೆರಳು ಆಡುವಷ್ಟು ಸಡಿಲ ಬಿಡು.
ಮೂರನೇ ಚಳಿಗೆ ಬಂದು ಬಿಚ್ಚು.
ನೆಡಲು ಊರೇ ಬರುತ್ತದೆ ಜಿಪಾರ್,
ಬಿಚ್ಚಲು ಯಾರೂ ಬರುವುದಿಲ್ಲ."

ಒಂದು ಅಕ್ಟೋಬರಿನಲ್ಲಿ ಊರೇ ಬಂದಿತ್ತು, ಹೆರಿಗೆ ಆಸ್ಪತ್ರೆಯ ಬೀದಿಗೆ.
ರಿಬ್ಬನ್ ಸುತ್ತಿದ ಸಲಿಕೆ, ಅಕಾರ್ಡಿಯನ್, ಬಿಸಿಬಿಸಿ ಸಮ್ಸಾ.
ನಲವತ್ತು ಮೇಪಲ್. ಮೂವತ್ತೊಂಬತ್ತಕ್ಕೇ ಹಗ್ಗ ಮುಗಿಯಿತು.
ಕತ್ತಲಾಗುತ್ತಿತ್ತು, ಕೊನೆಯ ಬಸ್ಸು ಹೊರಡುವುದಿತ್ತು,
ಲಾರಿಯಲ್ಲೊಂದು ತುಂಡು ತಂತಿ ಇತ್ತು.
ನಾಳೆ ಬದಲಿಸುತ್ತೇನೆ ಅಂದುಕೊಂಡೆ.

ಹನ್ನೊಂದು ವರ್ಷ.

ಈ ಏಪ್ರಿಲ್‌ನಲ್ಲಿ ಸುಣ್ಣದ ಬ್ರಷ್ಷು ಅಲ್ಲಿ ತಡವರಿಸಿತು.
ಗೂಟ ಎಂದೋ ಯಾರದೋ ಒಲೆಗೆ ಹೋಗಿದೆ.
ತಂತಿ ಒಳಗಿದೆ, ತೊಗಟೆ ಅದರ ಮೇಲೂ ಕೆಳಗೂ ಉಬ್ಬಿದೆ,
ಬಾತ ಬೆರಳಿನಿಂದ ಕಳಚಲಾರದ ಉಂಗುರದ ಹಾಗೆ.
ಅರ್ಧ ತಲೆ ಒಣಗಿದೆ. ಇನ್ನರ್ಧ, ಏನೂ ಆಗಿಲ್ಲವೆಂಬಂತೆ, ಚಿಗುರಿದೆ.
ಕೂತೆ. ಅಲ್ಲೇ, ಅರಿಕ್‌ನ ಒದ್ದೆ ಕಲ್ಲಿನ ಮೇಲೆ.
"ಯಾವ ಕತ್ತೆ ಕಟ್ಟಿದ್ದೋ!" ಎಂದಳು ತುರ್ಸುನೈ.
ನಾನೇ, ಎನ್ನಲು ಬಾಯಲ್ಲಿ ಸುಣ್ಣ.

ಹೊರಗಿದ್ದಷ್ಟನ್ನು ಇಕ್ಕಳದಿಂದ ಕತ್ತರಿಸಿದೆವು.
ಒಳಗಿನದನ್ನು ಎಳೆಯಲಿಲ್ಲ, ಎಳೆದರೆ ಮರವೇ ಬಂದೀತು.
ಒಣಗಿದ ಕೊಂಬೆಗಳನ್ನು ಒಂದೊಂದಾಗಿ ಇಳಿಸಿದೆವು.
ಆಸ್ಪತ್ರೆಯ ಕಿಟಕಿಯಿಂದ ದಾದಿಯೊಬ್ಬಳು ನೋಡುತ್ತಿದ್ದಳು,
ತೋಳಲ್ಲೊಂದು ಕೂಸು, ಕುತ್ತಿಗೆಯವರೆಗೆ ಬಿಗಿ ಸುತ್ತಿದ್ದು.
ಅದನ್ನು ಬಿಚ್ಚಲು
ಮೂರು ತಾಸಿಗೊಮ್ಮೆ ಯಾರಾದರೂ ಬರುತ್ತಾರೆ.

ಜುಲೈ ಬೇಗೆಯಲ್ಲಿ ನೀರಿಗೆ ಸರದಿ.
ನೀರುಗಂಟಿ ಎರ್ಮೆಕ್ ರಾತ್ರಿ ಎರಡಕ್ಕೆ ಆ ಬೀದಿಯ ತೂಬು ಎತ್ತುತ್ತಾನೆ.
ಡ್ಯೂಟಿ ನನ್ನದಲ್ಲ. ಹೋಗುತ್ತೇನೆ.
ಕತ್ತಲಲ್ಲಿ ನೀರಿನ ಮೊದಲ ನಾಲಗೆ
ಸಿಗರೇಟು ತುಂಡು, ಏಪ್ರಿಕಾಟ್ ಬೀಜ ನೆಕ್ಕಿಕೊಂಡು ಬರುತ್ತದೆ.
ಸಲಿಕೆಯಿಂದ ಪಾತಿಯ ಬಾಯಿ ಒಡೆಯುತ್ತೇನೆ.
ಕ್ಷಮಿಸು ಅಂದರೆ ಬೇರಿಗೇನು ಬಂತು?
ಕುಡಿ, ಎನ್ನುತ್ತೇನೆ.

ಮತ್ತೆ ಅಕ್ಟೋಬರ್. ಎಲೆ ಉದುರುವ ಮುನ್ನವೇ ಹಿಮ ಸುರಿಯಿತು,
ಎಲೆಯಿದ್ದ ಕೊಂಬೆಗಳು ಭಾರ ತಾಳದೆ ಚಟಚಟ ಮುರಿದವು.
ಉದ್ದ ಗಳು ಹಿಡಿದು ಇಡೀ ರಾತ್ರಿ ಮರ ಕೊಡವಿದೆವು.
ಆ ಮೇಪಲ್ ಮೇಲೆ ಅರ್ಧವೇ ಹಿಮವಿತ್ತು,
ಇದ್ದ ಎಲೆಯೇ ಅರ್ಧ.

ಹಿಮ ಕರಗಿತು, ಹೊಸ ಸಸಿಗಳು ಬಂದವು.
ಹಳೆಯ ಕಾಲುಚೀಲ ಸೀಳಿ ಪಟ್ಟಿ ಮಾಡಿದ್ದೇನೆ, ಎರಡು ಜೇಬು ತುಂಬ.
ಗೂಟದ ಮೇಲೆ ಎಲ್ಲರೂ ನೆಟ್ಟ ದಿನ ಬರೆಯುತ್ತಾರೆ.
ನಾನು ಬರೆಯುವುದು ಬಿಚ್ಚಬೇಕಾದ ವರ್ಷ.
"ಅಷ್ಟರಲ್ಲಿ ನೀನು ಪಿಂಚಣಿ ಎಣಿಸುತ್ತಿರುತ್ತೀ" ಎಂದಳು ತುರ್ಸುನೈ.
ಪೆನ್ಸಿಲ್ ಅವಳ ಕೈಗೆ ಕೊಟ್ಟೆ.
ಅವಳ ಅಕ್ಷರ ಕೋಳಿಕಾಲು.
ಆದರೂ ಓದಲು ಬರುತ್ತದೆ.