ಹದಿನೇಳನೇ ಪ್ರಶ್ನೆ

ಮಡಿಕೇರಿಯ ಕಚೇರಿ. ಕಿಟಕಿಗೆ ಮಂಜು ಒರಗಿದ್ದ ಒಂದು ಮಧ್ಯಾಹ್ನ
ನಲವತ್ತೆರಡು ಪ್ರಶ್ನೆಗಳ ನಮೂನೆಗೆ ನಾನೇ ಟಿಕ್ ಹಾಕಿದೆ.
ಧ್ವನಿ ಸ್ಪಷ್ಟವೇ? ಹೌದು.
ಚಿತ್ರಗಳು ಸಭ್ಯವೇ? ಹೌದು.
ಹದಿನೇಳು: ಪಾಠ ಕಲಿಯುವವರ ಬದುಕಿಗೆ ಹೊಂದುತ್ತದೆಯೇ?
ಅಷ್ಟರಲ್ಲಿ ಚಹಾ ಬಂತು. ಹೌದು ಅಂದೆ.

ಪಾಠ ಹುಟ್ಟಿದ್ದು ಬೇರೆ ಖಂಡದಲ್ಲಿ.
ಆರು ದೇಶ ಸುತ್ತಿ, ಆರು ಭಾಷೆಯ ಅಂಗಿ ತೊಟ್ಟು
ನಮ್ಮಲ್ಲಿಗೆ ಬರುವಾಗ ಅದಕ್ಕೆ ವಾರ್ತೆ ಓದುವವಳ ದನಿ.
ಭೇದಿಯಾದ ಮಗುವಿಗೆ ಮನೆಯಲ್ಲೇ ಜೀವಜಲ:
ಒಂದು ಲೀಟರ್ ನೀರು, ಆರು ಚಮಚ ಸಕ್ಕರೆ,
ಅರ್ಧ ಚಮಚ ಉಪ್ಪು.
ಹನ್ನೊಂದು ನಿಮಿಷ. ಕೊನೆಗೆ ಐದು ಪ್ರಶ್ನೆ, ಒಂದು ಪ್ರಮಾಣಪತ್ರ,
ಪರದೆ ತುಂಬ ಉದುರುವ ಬಣ್ಣದ ಕಾಗದದ ಚೂರು.

ವರದಿಯಲ್ಲಿ ಸಿದ್ದಾಪುರದ ಕಡೆಯ ತೋಟಗಳೆಲ್ಲ ಹಸಿರು:
ಶೇಕಡಾ ತೊಂಬತ್ತಾರು ಪೂರ್ಣ.
ಇಷ್ಟು ಚೆಂದ ಯಾಕೋ ಅನ್ನಿಸಿ,
ಅಥವಾ ಮಾರ್ಚ್ ಮುಗಿಯುವುದರೊಳಗೆ
ಪ್ರಯಾಣಭತ್ಯೆ ಖರ್ಚಾಗಬೇಕಿತ್ತೆಂದು,
ಹೊರಟೆ.

ಕಾಫಿ ಹೂವಿನ ಬಿಳಿ ಆಗಲೇ ಕಂದಿತ್ತು.
ಆನೆ ಕಂದಕದ ಹಲಗೆ ದಾಟಿದರೆ ಲೈನ್ ಮನೆಗಳು.
ಪಾಠ ಓಡುವ ಫೋನು ಒಂದೇ, ರೈಟರ್ ಉತ್ತಯ್ಯನದು.
ನೆಟ್‌ವರ್ಕ್ ಸಿಗುವುದು ಕಣದ ಮೂಲೆಯ ನೀರಿನ ಟ್ಯಾಂಕಿನ ಮೇಲೆ.
ಅವನೇ ಹತ್ತಿ ಕೂತು ಮೂವತ್ತೊಂದು ಜನರ ಪರೀಕ್ಷೆ ಮುಗಿಸಿದ್ದ.
"ಎಲ್ಲರಿಗೂ ಓದಿ ಹೇಳಿದ್ದೇನೆ ಮೇಡಂ, ಸುಳ್ಳಲ್ಲ.
ತಿಂಗಳ ಗುರಿ ಅಂತ ಮೇಲಿಂದ ಕಾಗದ ಬಂತು."
ಬೈಯಲು ಬಾಯಿ ಬರಲಿಲ್ಲ.
ಆ ಕಾಗದದ ಕೆಳಗಿನ ಸಹಿ ನನ್ನದು.

ಆದರೂ ಕೇಳಿದೆ: ಯಾರಾದರೂ ಮಾಡಿ ತೋರಿಸುತ್ತೀರಾ?

ಪಣಿ ಎರವರ ಮುತ್ತೆ ಎದ್ದಳು. ಮೊಮ್ಮಗುವನ್ನು
ಅಸ್ಸಾಮಿನಿಂದ ಬಂದ ಜೊಹುರಾಳ ತೋಳಿಗಿಟ್ಟು
ಸೋಡದ ಹಳೆ ಬಾಟಲಿ ತೊಳೆದಳು, ಕುದಿಸಿ ಆರಿಸಿದ ನೀರು ತುಂಬಿದಳು.
ಲೆಕ್ಕ ತಪ್ಪಲಿಲ್ಲ. ಆರು ಎಂದರೆ ಆರೇ,
ಅರ್ಧ ಎಂದರೆ ಅರ್ಧವೇ.
ಚಮಚ ಮಾತ್ರ
ಗಂಜಿ ಬಡಿಸುವ ಸೌಟು.
ವಾರದ ಸಕ್ಕರೆ ಒಂದೇ ಬಾಟಲಿಗೆ ಇಳಿಯಿತು.
ಬೇರೆ ಚಮಚ ಆ ಮನೆಯಲ್ಲಿರಲಿಲ್ಲ.
ಸಾಲಿನ ಎಂಟು ಮನೆಗಳಲ್ಲೂ ಇರಲಿಲ್ಲ.

ಮೊದಲ ಗುಟುಕು ನಾನು ಕುಡಿದೆ.
ಸಿಹಿ ಹತ್ತಿದ ಉಪ್ಪಿನಕಾಯಿ ಭರಣಿಯ ತಳ ನೆಕ್ಕಿದ ಹಾಗೆ.
ಐದಕ್ಕೆ ಐದು ಅಂಕ ಬಂದಿದ್ದ ನೀರು ಅದು.

ನನ್ನ ಮುಖ ನೋಡಿ ಮುತ್ತೆಯೂ ಕುಡಿದಳು. ಉಗುಳಿದಳು.
"ಆ ಫೋನಿನ ಹೆಂಗಸಿನ ಚಮಚ ಎಷ್ಟು ದೊಡ್ಡದು, ಅವಳು ಹೇಳಲಿಲ್ಲ.
ನಾವು ಕೇಳಿದರೆ ಅವಳಿಗೆ ಕೇಳುವುದೂ ಇಲ್ಲ."
ಸ್ವಲ್ಪ ತಡೆದು,
"ಹಿಂದೆ ಒಬ್ಬ ನರ್ಸಮ್ಮ ಹೇಳಿದ್ದಳು,
ಕಣ್ಣೀರಿಗಿಂತ ಉಪ್ಪಾದರೆ ಚೆಲ್ಲು ಅಂತ.
ನನಗೆ ನೆನಪಿತ್ತು.
ಇದು ದೊಡ್ಡವರ ಪಾಠ ಅಲ್ಲವಾ, ಇದೇ ಸರಿ ಇರಬೇಕು ಅಂದುಕೊಂಡೆ."

ನಾನೂ ಟ್ಯಾಂಕ್ ಹತ್ತಿದೆ. ಹದಿನೇಳನ್ನು ಹುಡುಕಿದೆ.
ಹೌದನ್ನು ಇಲ್ಲ ಮಾಡಲು ಒತ್ತಿದೆ, ಮತ್ತೆ ಒತ್ತಿದೆ.
ಸಲ್ಲಿಸಿದ ನಮೂನೆಯನ್ನು ತಿದ್ದಲಾಗದು, ಅಂದಿತು ಪರದೆ,
ತುಂಬ ವಿನಯದಿಂದ.

ಇಳಿದು ಬಂದಾಗ ಉತ್ತಯ್ಯ ಉಪಕೇಂದ್ರಕ್ಕೆ ಬೈಕಿನಲ್ಲಿ ಹೋಗಿ
ಸೂಜಿಯಿಲ್ಲದ ಸಿರಿಂಜ್ ತಂದಿದ್ದ.
ಬಾಟಲಿಯ ಮುಚ್ಚಳ ಅಳೆದೆವು: ಒಳಗಿನ ಗೆರೆಗೆ ಸರಿಯಾಗಿ ಐದು ಎಂ.ಎಲ್.
ಮುತ್ತೆ ತನ್ನ ಮಾತಿನಲ್ಲಿ ಎಣಿಸಿದಳು, ಜೊಹುರಾ ತನ್ನದರಲ್ಲಿ.
'ಭಾಷೆ ಆರಿಸಿ' ಎಂಬ ನಮ್ಮ ಪಟ್ಟಿಯಲ್ಲಿ
ಎರಡೂ ಇಲ್ಲ.
ಸಕ್ಕರೆ ಪಕ್ಕದ ಮನೆಯಿಂದ ಸಾಲ.

ದೂರದಲ್ಲೆಲ್ಲೋ ಪಟಾಕಿ ಸಿಡಿಯಿತು, ಆನೆ ಹೊರಟಿರಬೇಕು.
ಕತ್ತಲಾಗುವ ಮೊದಲು ದಾರಿ ಹಿಡಿಯಿರಿ ಅಂದರು.
ನಾನು ಕುಡಿದು ನೋಡಿ, ಹೌದು, ಸರಿಯಿದೆ ಅಂದೆ.

ನನ್ನ ಹೌದನ್ನು ಮುತ್ತೆ ನಂಬಲಿಲ್ಲ.
ಜೊಹುರಾಳಿಗೆ ಒಂದು ಗುಟುಕು ಕೊಟ್ಟಳು.
ತಾನೊಂದು ಗುಟುಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ,
ಯಾವುದೋ ಹಳೆಯ ಅಳುವಿನ ಪಕ್ಕದಲ್ಲಿಟ್ಟು ನೋಡಿದಳು.

ಆಮೇಲೆ ಮಗುವಿಗೆ.