ಬಿಲ್ಲೆ

ಖಾಕಿ ಜೇಬಿನ ಮೇಲೆ ಇಲಾಖೆಯ ಬಿಲ್ಲೆ:
ಹಿತ್ತಾಳೆ, ನಾಲ್ಕು ಅಂಕಿ, ಕಳೆದರೆ ದಂಡ.
ಕಾಲರಿನ ಒಳಮಗ್ಗುಲಲ್ಲಿ, ಯಾರಿಗೂ ಕಾಣದ ಹಾಗೆ,
ಇನ್ನೊಂದು.

ಹೆಬ್ಬೆರಳ ಉಗುರಿನಷ್ಟು. ಇಲ್ಲ, ತುಸು ದೊಡ್ಡದು,
ಹಿತುಕಿದ ಅವರೆ ಎರಡು ಜೋಡಿಸಿಟ್ಟಷ್ಟು
ಒಂದು ಗಿಟಾರು.

ಯಾವುದೋ ಗಿಟಾರಲ್ಲ, ಅವನದೇ.
ಸಮುದ್ರದಾಚೆ ತನ್ನ ಕೈಯಳತೆಗೆ ಮಾಡಿಸಿಕೊಂಡು
ಮೂವತ್ತು ವರ್ಷ ನುಡಿಸಿದ್ದು,
ಕರಿ ಮೈ, ಬಿಳಿ ಗೆರೆ.
ಫೋನಿನಲ್ಲಿ ಚಿತ್ರ ತೋರಿಸಿದರೆ
ಮಂಡಿ ಮೊಹಲ್ಲಾದ ಮುನವ್ವರ್ ಸಾಬರು
ಕನ್ನಡಕ ಹಣೆಗೇರಿಸಿ ಕೇಳಿದರು:
"ವೀಣೆಗೆ ಬುರುಡೆ ಇರುತ್ತಲ್ಲಮ್ಮಾ, ಇದಕ್ಯಾಕಿಲ್ಲ?"

ಅವರಜ್ಜ ದಂತ ಕೂರಿಸುತ್ತಿದ್ದರಂತೆ.
ಅದು ನಿಂತು ಈಗ ಬಿಳುಪಿಗೆಲ್ಲ ಪ್ಲಾಸ್ಟಿಕ್ಕು.
ಬೀಟೆ ಮಾತ್ರ ಅಸಲಿ,
ಜಂಬೂಸವಾರಿ ಫಲಕಕ್ಕೆ
ಆನೆಯ ಕಾಲು ಕತ್ತರಿಸಿ ಉಳಿದ ಚೂರು.

"ಇಲ್ಲಿ ಬಣ್ಣ ಎದ್ದಿದೆ. ಸರಿ ಮಾಡ್ಬಿಡ್ಲಾ?"
ಅವನ ಮುಂಗೈ ಉಜ್ಜಿ ಉಜ್ಜಿ
ಮರ ಬೆತ್ತಲಾದ ಜಾಗ.
ಬೇಡ ಅಂದೆ. ಅದೇ ಬೇಕು ಅಂದೆ.
ಯಾಕೆಂದು ಅವರು ಕೇಳಲಿಲ್ಲ.
ಹದಿನಾಲ್ಕು ವರ್ಷದ ಚೀಲದ ಪಟ್ಟಿ
ನನ್ನ ಎಡಹೆಗಲಲ್ಲಿ ಮಾಡಿದ ಜಾಗವನ್ನು
ನಾನೂ ತೋರಿಸಲಿಲ್ಲ.
ಹಲಸಿನ ಹಳದಿ ಚೂರೊಂದನ್ನು ಹುಡುಕಿ ತೆಗೆದು
ಗರಗಸಕ್ಕೆ ಕೊಟ್ಟರು.

ತಂತಿ ಐದೇ ಹಿಡಿಸಿದವು.
ನೂರೆಂಬತ್ತು ಹೇಳಿದ್ದವರು ನೂರೈವತ್ತೇ ತೆಗೆದುಕೊಂಡರು,
ತಂತಿಗೆ ಮೂವತ್ತು ಅನ್ನುವ ಲೆಕ್ಕದಲ್ಲಿ.

ನನಗೆ ನುಡಿಸಲು ಬರುವುದಿಲ್ಲ.
ಟಿ. ನರಸೀಪುರದ ಕೊನೆ ಟ್ರಿಪ್ಪಿನಲ್ಲಿ, ವರುಣಾ ದಾಟಿ
ಸೀಟು ಖಾಲಿಯಾದ ಮೇಲೆ
ಬಲಗಿವಿಗೆ ಇಯರ್‌ಫೋನು. ಎಡಗಿವಿ ಇಲಾಖೆಗೆ.
ಟಿಕೆಟ್ ಮಿಷಿನ್ನಿನ ಅಂಚಿನಲ್ಲಿ ಬೆರಳು
ತನ್ನಷ್ಟಕ್ಕೆ ಏನನ್ನೋ ತಡಕುತ್ತದೆ,
ಎಲ್ಲೋ ಒಂದು ಕಡೆ ಒತ್ತಿ
ಅರ್ಧ ಟಿಕೆಟ್ಟು ಹೊರಬಂದದ್ದೂ ಉಂಟು.
ಕೈಯಿಂದ ಕಟ್ಟಿದ್ದೇನೆ.

ನಿನ್ನೆ ಚೆಕಿಂಗಿನವರು ಹತ್ತಿದರು.
ಲೆಕ್ಕ ಸರಿ. ಚಿಲ್ಲರೆ ಸರಿ. ಇಳಿಯುವ ಹೊತ್ತಿಗೆ
ಗಾಳಿಗೆ ಕಾಲರು ಮಗುಚಿತು.
"ಏನ್ರೀ ಅದು?"
"ಪಿನ್ನು ಸಾರ್. ಗುಂಡಿ ಕಿತ್ತೋಗಿತ್ತು."
ಬಗ್ಗಿ ನೋಡಿದರು.
ಟಾರ್ಚು ಬಿಟ್ಟು ನೋಡಿದರು.
"ತಂತಿ ಒಂದು ಕಮ್ಮಿ ಇದೆಯಲ್ಲಾ" ಅಂದು
ಇಳಿದು ಹೋದರು, ಕತ್ತಲಲ್ಲಿ, ಫೈಲು ಕಂಕುಳಿಗಿಟ್ಟು,
ಎಡಗೈ ಬೆರಳು ನಾಲ್ಕೂ ಫೈಲಿನ ಅಂಚಿಗೆ ಬಾಗಿಸಿ.

ರೈಟ್ ಅನ್ನಲು ಮರೆತೆ.
ಪುಟ್ಟಮಾದಪ್ಪ ಎರಡು ಸಲ ಹಾರನ್ನು ಹೊಡೆದ.